ಕೊಡಗಿನ ಆಟಗಾರ ಮತ್ತು ‘ವೀರರಕ್ತ’ದ ಕತೆ

ಕೊಡಗಿನ ಆಟಗಾರರೊಬ್ಬರ ಬಗ್ಗೆ ಕನ್ನಡದಲ್ಲಿ ಬರುವ ಪರಿಚಯ ಲೇಖನವನ್ನು ಕೈಗೆತ್ತಿಕೊಂಡರೆ ಅದರ ಮೊದಲ ಪ್ಯಾರಾದಲ್ಲಿ ಏನಿರುತ್ತದೆ ಎಂಬುದನ್ನು ಓದುಗರು ಓದುವ ಮೊದಲೇ ಹೇಳಬಲ್ಲರು. ವೀರರ ನಾಡು, ಕಾವೇರಿಯ ತವರು, ಕಾರ್ಯಪ್ಪ ತಿಮ್ಮಯ್ಯರ ಮಣ್ಣು, ರಕ್ತದಲ್ಲೇ ಹರಿದು ಬಂದ ಹಾಕಿ. ಎರಡನೆಯ ಪ್ಯಾರಾದಲ್ಲಿ ಬಡತನವಿದ್ದರೆ ಬಡತನ, ಅದಿಲ್ಲವಾದರೆ ಅಜ್ಜನ ಸೇನಾ ಪದಕ. ಆಮೇಲೆ ಪ್ರಶಸ್ತಿಗಳ ಪಟ್ಟಿ. ಅಲ್ಲಿಗೆ ಲೇಖನ ಮುಗಿಯಿತು. ಆ ಆಟಗಾರ ದಿನಕ್ಕೆ ಎಷ್ಟು ಹೊತ್ತು ಏನನ್ನು ಅಭ್ಯಾಸ ಮಾಡುತ್ತಾನೆ, ಯಾವ ದೋಷವನ್ನು ತಿದ್ದಿಕೊಳ್ಳಲು ಎಷ್ಟು ವರ್ಷ ಹಿಡಿಯಿತು, ಗಾಯವಾದಾಗ ಖರ್ಚನ್ನು ಯಾರು ನೋಡಿಕೊಂಡರು, ಏನನ್ನು ಗುರಿಯಾಗಿಟ್ಟುಕೊಂಡು ಆತ ಮತ್ತೆ ಮೈದಾನಕ್ಕಿಳಿದ ಎಂಬ ಯಾವ ವಿವರವೂ ಅಲ್ಲಿರುವುದಿಲ್ಲ.

ಇದು ಬರೀ ಬರವಣಿಗೆಯ ಸೋಮಾರಿತನವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಒಂದು ಊರಿನ ಸಾಧನೆಯನ್ನು ರಕ್ತದ ಲೆಕ್ಕಕ್ಕೆ ಜಮಾ ಮಾಡಿದ ಕೂಡಲೇ ಎರಡು ಸಂಗತಿಗಳು ನಡೆಯುತ್ತವೆ. ದುಡಿದವನ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಆ ರಕ್ತ ಯಾರಲ್ಲಿಲ್ಲವೋ ಅವರು ಕತೆಯಿಂದಲೇ ಹೊರಗುಳಿಯುತ್ತಾರೆ. ಕೊಡಗಿನಂತಹ ಹಲವು ಜನಾಂಗಗಳ, ಹಲವು ಭಾಷೆಗಳ ಪುಟ್ಟ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ.

ಕೊಡಗಿನ ಕ್ರೀಡಾ ಪರಂಪರೆಯನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಅಲ್ಲಗಳೆಯಲು ಸಾಧ್ಯವೂ ಇಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಆಮೇಲೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ, ಎಸ್.ವಿ. ಸುನಿಲ್. ಟೆನಿಸ್‌ನಲ್ಲಿ ರೋಹನ್ ಬೋಪಣ್ಣ, ಓಟದಲ್ಲಿ ಅಶ್ವಿನಿ ನಾಚಪ್ಪ. ಕರ್ನಾಟಕದ ಅತಿ ಚಿಕ್ಕ ಜಿಲ್ಲೆಗಳಲ್ಲೊಂದು ಇಷ್ಟು ಹೆಸರುಗಳನ್ನು ಕೊಟ್ಟಿದೆಯೆಂದರೆ ಅದಕ್ಕೆ ಕಾರಣಗಳಿರಲೇಬೇಕು. ನಮ್ಮ ತಕರಾರು ಇರುವುದು ಆ ಕಾರಣವನ್ನು ಹುಡುಕುವ ಮೊದಲೇ ಉತ್ತರ ಬರೆದುಬಿಡುವ ರೂಢಿಯ ಬಗ್ಗೆ.

ಈ ‘ವೀರಜನಾಂಗ’ ಎಂಬ ಮಾತು ಕೊಡಗಿನ ಕಾಡಿನಲ್ಲಿ ಹುಟ್ಟಿದ್ದೂ ಅಲ್ಲ. 1857ರ ಬಂಡಾಯದ ನಂತರ ಸೇನೆಗೆ ಯಾರನ್ನು ಸೇರಿಸಿಕೊಂಡರೆ ಕ್ಷೇಮ ಎಂದು ಯೋಚಿಸುತ್ತಿದ್ದ ಬ್ರಿಟಿಷ್ ಅಧಿಕಾರಿಗಳು ಭಾರತದ ಜನರನ್ನು ಕಾದಾಡುವವರು, ಕಾದಾಡದವರು ಎಂದು ವಿಂಗಡಿಸತೊಡಗಿದರು. ತಮ್ಮ ಆಡಳಿತದ ಅನುಕೂಲಕ್ಕೆ ಅವರು ಮಾಡಿಕೊಂಡ ಈ ವಿಂಗಡಣೆಯನ್ನು ನಾವು ಇಂದಿಗೂ ಜೀವಶಾಸ್ತ್ರ ಎಂಬಂತೆ ಉರುಹೊಡೆಯುತ್ತಿದ್ದೇವೆ. 1861ರಲ್ಲಿ ಕೊಡವರಿಗೆ ಬ್ರಿಟಿಷರು ಆಯುಧ ಇಟ್ಟುಕೊಳ್ಳುವ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಈ ವಿನಾಯಿತಿ ಕೊಡವ ಜನಾಂಗಕ್ಕೆ ಮಾತ್ರವಲ್ಲ, ಜಮ್ಮಾ ಹಿಡುವಳಿದಾರರಿಗೂ ಇದೆ. ಜಮ್ಮಾ ಎಂಬುದು ಭೂಮಿಯ ಹಕ್ಕು, ಅದು ನೆತ್ತರಲ್ಲ. ಮನೆಪೆದ ಇಟ್ಟುಕೊಂಡು ಕೊಡವ ತಕ್ಕ್ ಆಡುವ ಮಾಪಿಳ್ಳೆ ಮುಸ್ಲಿಮರೂ ಈ ಜಿಲ್ಲೆಯಲ್ಲಿದ್ದಾರೆ. ಕಾನೂನಿನ ಕಡತಕ್ಕೆ ಗೊತ್ತಿರುವಷ್ಟು ವಿವರವೂ ನಮ್ಮ ಕ್ರೀಡಾ ಬರಹಗಳಿಗೆ ಗೊತ್ತಿಲ್ಲ.

ಈ ಕತೆಯ ಹುಳುಕನ್ನು ನೋಡಲು ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರಿಗಿಂತ ಉತ್ತಮ ಉದಾಹರಣೆ ಸಿಗಲಾರದು. ಸುನಿಲ್ ಹುಟ್ಟಿದ್ದು 1989ರ ಮೇ 6ರಂದು. ತಂದೆ ವಿಠಲಾಚಾರ್ಯ ಬಡಗಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗ ಹಾಕಿ ಸ್ಟಿಕ್ ಕೊಳ್ಳಲು ದುಡ್ಡಿಲ್ಲದೆ ಬಿದಿರಿನ ಕೋಲಿನಲ್ಲಿ ಆಡಿದ. 2007ರಲ್ಲಿ ಚೆನ್ನೈಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಹದಿನೆಂಟರ ವಯಸ್ಸಿನಲ್ಲಿ ಭಾರತ ತಂಡಕ್ಕೆ ಬಂದ. ಆ ಕಪ್ ಭಾರತದ್ದಾಯಿತು. ಆಮೇಲೆ ಎರಡು ಒಲಿಂಪಿಕ್ಸ್, 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಚಿನ್ನ, 2016ಕ್ಕೆ ಏಷ್ಯಾದ ವರ್ಷದ ಆಟಗಾರ, 2017ರಲ್ಲಿ ಅರ್ಜುನ ಪ್ರಶಸ್ತಿ. 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿದಾಗ ಅವರ ಹೆಸರಿನಲ್ಲಿ 264 ಅಂತಾರಾಷ್ಟ್ರೀಯ ಪಂದ್ಯಗಳು, 72 ಗೋಲುಗಳಿದ್ದವು.

ಸೇನಾಧಿಕಾರಿಗಳ ವಂಶವಲ್ಲ, ಕಾಫಿ ತೋಟದ ಒಡೆತನವಲ್ಲ, ಮರಗೆಲಸದ ಮನೆ. ‘ವೀರರಕ್ತ’ದ ವಿವರಣೆ ಇಲ್ಲಿ ಹೊಂದುವುದೇ ಇಲ್ಲ. ಆಗ ನಮ್ಮ ಬರಹಗಾರರು ಏನು ಮಾಡುತ್ತಾರೆ? ಇನ್ನೊಂದು ಸಿದ್ಧ ಅಚ್ಚನ್ನು ತೆಗೆಯುತ್ತಾರೆ. ಅದು ಕಣ್ಣೀರಿನ ಅಚ್ಚು. 2009ರ ಏಪ್ರಿಲ್‌ನಲ್ಲಿ ಮಲೇಶ್ಯದ ಇಪೋದಲ್ಲಿ ಅಜ್ಲಾನ್ ಶಾ ಕಪ್ ನಡೆಯುತ್ತಿದ್ದಾಗ ಸುನಿಲ್ ತಂದೆ ತೀರಿಕೊಂಡರು. ಸುನಿಲ್ ಊರಿಗೆ ಬರಲಿಲ್ಲ, ತಂಡದ ಜೊತೆಗೇ ಉಳಿದು ಆಡಿದರು. ಭಾರತ ಆ ಕಪ್ ಗೆದ್ದಿತು. ಅವರ ಬಗ್ಗೆ ಬಂದ ಬಹುತೇಕ ಬರಹಗಳು ಈ ಘಟನೆಯ ಸುತ್ತಲೇ ಸುತ್ತುತ್ತವೆ. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಆ ದುಃಖಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಂದು ದಿನದ ತ್ಯಾಗವನ್ನು ದೊಡ್ಡದಾಗಿ ಹೇಳಿ, ಹದಿನಾಲ್ಕು ವರ್ಷಗಳ ಪ್ರತಿದಿನದ ದುಡಿಮೆಯನ್ನು ಒಂದು ಸಾಲಿನಲ್ಲಿ ಮುಗಿಸುವುದು ಎಲ್ಲಿಯ ನ್ಯಾಯ?

ಆ ದುಡಿಮೆ ಏನು ಎಂದು ಸ್ವಲ್ಪ ನೋಡೋಣ. ಇಂದಿನ ಹಾಕಿಯಲ್ಲಿ ಮುನ್ಪಡೆಯ ಆಟಗಾರ ಪಂದ್ಯದುದ್ದಕ್ಕೂ ಮೈದಾನದಲ್ಲಿರುವುದಿಲ್ಲ. ಆಟಗಾರರನ್ನು ಎಷ್ಟು ಬಾರಿ ಬೇಕಾದರೂ ಬದಲಾಯಿಸಬಹುದಾದ್ದರಿಂದ ಆತ ಕೆಲವು ನಿಮಿಷ ಆಡಿ ಹೊರಬರುತ್ತಾನೆ, ಉಸಿರು ಹಿಡಿದು ಮತ್ತೆ ಒಳಹೋಗುತ್ತಾನೆ. ಒಳಗಿರುವ ಆ ಕೆಲವು ನಿಮಿಷಗಳಲ್ಲಿ ಪೂರ್ತಿ ವೇಗದ ಓಟಗಳು. ಚೆಂಡು ಸಿಗದ ಓಟಗಳೇ ಅವುಗಳಲ್ಲಿ ಹೆಚ್ಚು. ಎದುರಾಳಿಯ ರಕ್ಷಕನನ್ನು ಎಳೆದುಕೊಂಡು ಹೋಗಿ ಜೊತೆಗಾರನಿಗೆ ಜಾಗ ಮಾಡಿಕೊಡುವ ಓಟ, ಚೆಂಡು ಕಳೆದುಕೊಂಡ ಕೂಡಲೇ ಹಿಂದಕ್ಕೆ ಧಾವಿಸುವ ಓಟ. ಇದಕ್ಕೆ ಬೇಕಾದದ್ದು ಒಮ್ಮೆ ವೇಗವಾಗಿ ಓಡುವ ಶಕ್ತಿ ಮಾತ್ರವಲ್ಲ, ಇಪ್ಪತ್ತನೆಯ ಬಾರಿಯೂ ಮೊದಲನೆಯ ಬಾರಿಯಷ್ಟೇ ವೇಗವಾಗಿ ಓಡುವ ಶಕ್ತಿ. ಅದನ್ನು ಅಳೆಯಲು ಯೋ-ಯೋ ಎಂಬ ಪರೀಕ್ಷೆ ಇದೆ. 20 ಮೀಟರ್ ಅಂತರದಲ್ಲಿ ಹೋಗಿ ಬರಬೇಕು, ನಡುವೆ ಕೆಲವೇ ಸೆಕೆಂಡುಗಳ ವಿರಾಮ, ಪ್ರತಿ ಹಂತಕ್ಕೂ ವೇಗ ಏರುತ್ತಾ ಹೋಗುತ್ತದೆ. ಇದರಲ್ಲಿ ಗೆಲ್ಲಲು ವಂಶವೃಕ್ಷ ನೆರವಿಗೆ ಬರುವುದಿಲ್ಲ.

264 ಪಂದ್ಯಗಳಿಗೆ 72 ಗೋಲು ಎಂದರೆ ಹೆಚ್ಚು ಕಡಿಮೆ ನಾಲ್ಕು ಪಂದ್ಯಕ್ಕೊಂದು. ಗೋಲಿನ ಲೆಕ್ಕ ಮಾತ್ರ ನೋಡುವವರಿಗೆ ಇದು ದೊಡ್ಡ ಸಂಖ್ಯೆಯಾಗಿ ಕಾಣಲಿಕ್ಕಿಲ್ಲ. ಆದರೆ ಬದಿಯಿಂದ ನುಗ್ಗಿ ವೃತ್ತದೊಳಗೆ ಚೆಂಡು ತಲುಪಿಸುವುದು, ಪೆನಾಲ್ಟಿ ಕಾರ್ನರ್ ಗಳಿಸಿಕೊಡುವುದು ಅವರ ಕೆಲಸವಾಗಿತ್ತು. ಆ ಕಾರ್ನರನ್ನು ಗೋಲಾಗಿಸಿದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಒಬ್ಬ ಆಟಗಾರನ ಗುರಿ ಏನಾಗಿತ್ತು ಎಂದು ತಿಳಿಯದೆ ಅವನ ಸಾಧನೆಯನ್ನು ಅಳೆಯಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ಗಾಯ. 2018ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಶಿಬಿರದ ಅಭ್ಯಾಸದಲ್ಲಿ ಸುನಿಲ್ ಮೊಣಕಾಲಿಗೆ ಪೆಟ್ಟಾಯಿತು. ಎರಡೇ ತಿಂಗಳಲ್ಲಿ ಭುವನೇಶ್ವರದಲ್ಲಿ ವಿಶ್ವಕಪ್ ಇತ್ತು. ತಾಯ್ನಾಡಿನ ಆ ವಿಶ್ವಕಪ್ ಅವರಿಗೆ ತಪ್ಪಿತು. ಚೇತರಿಸಿಕೊಂಡು ತಂಡಕ್ಕೆ ಮರಳಿದರು, ಆದರೆ ಟೋಕಿಯೋ ಒಲಿಂಪಿಕ್ಸ್ ತಂಡದಲ್ಲಿ ಜಾಗ ಸಿಗಲಿಲ್ಲ. ನಾಲ್ಕು ದಶಕಗಳ ನಂತರ ಭಾರತ ಹಾಕಿಯಲ್ಲಿ ಒಲಿಂಪಿಕ್ ಪದಕ ಗೆದ್ದದ್ದು ಅಲ್ಲಿಯೇ. ಲಂಡನ್‌ನಲ್ಲಿ ಭಾರತ ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಕುಸಿದಾಗ ತಂಡದಲ್ಲಿದ್ದವರು, ಟೋಕಿಯೋದ ಕಂಚಿನ ಹೊತ್ತಿಗೆ ಹೊರಗಿದ್ದರು. ಆಮೇಲೆ ನಿವೃತ್ತಿ. ಅದರ ಮರುವರ್ಷವೇ, 2022ರ ಮೇ ತಿಂಗಳಲ್ಲಿ, ಜಕಾರ್ತಾದ ಏಷ್ಯಾ ಕಪ್‌ಗೆ ಹೊರಟ ಯುವ ತಂಡದ ಉಪನಾಯಕನಾಗಿ ಅವರು ಮತ್ತೆ ಮೈದಾನದಲ್ಲಿದ್ದರು. ತಂಡ ಕಂಚು ಗೆದ್ದಿತು. ಮೂವತ್ತಮೂರರ ವಯಸ್ಸಿನಲ್ಲಿ, ಪೆಟ್ಟು ತಿಂದ ಮೊಣಕಾಲಿನೊಂದಿಗೆ, ಒಲಿಂಪಿಕ್ ಪದಕದ ಆಸೆಯೂ ಮುಗಿದ ಮೇಲೆ ಒಬ್ಬ ಆಟಗಾರ ಯಾಕೆ ಮರಳುತ್ತಾನೆ? ಸುನಿಲ್ ಬಗೆಗಿನ ಅತ್ಯಂತ ಕುತೂಹಲದ ಪ್ರಶ್ನೆ ಇದು ಎಂದು ನಮಗನಿಸುತ್ತದೆ. 2009ರ ಕಣ್ಣೀರಿಗೆ ಸಿಕ್ಕಿದ ಜಾಗದ ಹತ್ತರಲ್ಲೊಂದು ಪಾಲೂ ಈ ಪ್ರಶ್ನೆಗೆ ಸಿಕ್ಕಿಲ್ಲ.

ಕತೆ ಕಟ್ಟುವ ಈ ಚಟ ಕೊಡಗಿಗೆ ಸೀಮಿತವೂ ಅಲ್ಲ, ಒಂದು ಸಮುದಾಯಕ್ಕೆ ಸೀಮಿತವೂ ಅಲ್ಲ. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಿತು. ಕೊಡಗಿನ ಗೋವಿಂದ ಆ ತಂಡದಲ್ಲಿದ್ದರು, ಭೋಪಾಲದ ಅಸ್ಲಂ ಶೇರ್ ಖಾನ್ ಕೂಡ ಇದ್ದರು. ಮಲೇಶ್ಯ ವಿರುದ್ಧದ ಸೆಮಿಫೈನಲ್‌ನಲ್ಲಿ ಸೋಲು ಹತ್ತಿರವಾಗಿದ್ದಾಗ ಬದಲಿ ಆಟಗಾರನಾಗಿ ಬಂದ ಅಸ್ಲಂ, ಕೊರಳಲ್ಲಿದ್ದ ತಾಯಿತಕ್ಕೆ ಮುತ್ತಿಟ್ಟು ಪೆನಾಲ್ಟಿ ಕಾರ್ನರನ್ನು ಗೋಲಾಗಿಸಿದರು. ನಮ್ಮ ಸಮುದಾಯದ ಪತ್ರಿಕೆಗಳಿಗೂ ಭಾಷಣಕಾರರಿಗೂ ಆ ತಾಯಿತದ ಪ್ರಸಂಗ ಬಾಯಿಪಾಠ. ಆದರೆ ಆ ಕಪ್‌ಗೆ ಮುನ್ನ ಚಂಡೀಗಢದಲ್ಲಿ ಬಲಬೀರ್ ಸಿಂಗ್ ಅವರ ಉಸ್ತುವಾರಿಯಲ್ಲಿ ತಂಡಕ್ಕೆ ದೀರ್ಘ ಶಿಬಿರ ನಡೆದಿತ್ತು, ಅಲ್ಲಿ ಆಟಗಾರರನ್ನು ಹುರಿಗೊಳಿಸಲಾಗಿತ್ತು ಎಂಬುದನ್ನು ಹೇಳುವವರು ಕಡಿಮೆ. ತಾಯಿತ ಕೊರಳಲ್ಲಿತ್ತು ಎಂಬುದು ನಿಜ. ಆದರೆ ನಿಲ್ಲಿಸಿಕೊಟ್ಟ ಚೆಂಡನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೊಡೆಯುವುದನ್ನು ಆ ಕೈಗಳು ಸಾವಿರ ಸಲ ಮಾಡಿದ್ದಿರಬೇಕಲ್ಲವೇ? ಒಬ್ಬ ಮುಸ್ಲಿಂ ಆಟಗಾರನನ್ನು ತಾಯಿತಕ್ಕೆ ಇಳಿಸುವುದೂ ಒಬ್ಬ ಕೊಡವ ಆಟಗಾರನನ್ನು ಕೋವಿಗೆ ಇಳಿಸುವುದೂ ಒಂದೇ ಜಾತಿಯ ಬರವಣಿಗೆ.

ಕೊಡಗಿನ ವಿಷಯಕ್ಕೆ ಮರಳೋಣ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ‘ಹಾಕಿಯ ತೊಟ್ಟಿಲು’ ಎಂದು ಕರೆಯುವ ವಾಡಿಕೆ ಬಂದಿದೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಇದನ್ನು ಆರಂಭಿಸಿದಾಗ 60 ಕುಟುಂಬಗಳ ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಪ್ರತಿ ವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್‌ಗೆ ಅದೇ ಒಕ್ಕದ ಹೆಸರು. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ, ಹೆಣ್ಣುಮಕ್ಕಳೂ ಆಡುತ್ತಾರೆ. ಚದುರಿಹೋದ ಕುಟುಂಬಗಳನ್ನು ಮತ್ತೆ ಒಂದೆಡೆ ಸೇರಿಸುವ ಇಂತಹ ಇನ್ನೊಂದು ಕ್ರೀಡಾಕೂಟ ಕನ್ನಡನಾಡಿನಲ್ಲಿ ನಮಗೆ ಗೊತ್ತಿಲ್ಲ. ಇದನ್ನು ನೋಡಿ ಗೌಡ ಕುಟುಂಬಗಳು ಕ್ರಿಕೆಟ್ ಪಂದ್ಯಾವಳಿ ನಡೆಸತೊಡಗಿದವು.

ಆದರೆ ಬೇಸಿಗೆಯ ಕೆಲವು ವಾರಗಳ ಹಬ್ಬವೊಂದು ಅಂತಾರಾಷ್ಟ್ರೀಯ ಆಟಗಾರನನ್ನು ತಯಾರಿಸುವುದಿಲ್ಲ. ಹಬ್ಬ ಆಸೆ ಹುಟ್ಟಿಸಬಲ್ಲದು. ಉಳಿದ ಹನ್ನೊಂದು ತಿಂಗಳು ಹುಡುಗರನ್ನು ಸಾಕಿದ್ದು ಮಡಿಕೇರಿಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲು, ಕೂಡಿಗೆಯ ಕ್ರೀಡಾ ಶಾಲೆ, ಶಾಲೆಗಳ ದೈಹಿಕ ಶಿಕ್ಷಕರು. ಇವೆಲ್ಲ ಸರಕಾರದ ದುಡ್ಡಿನಲ್ಲಿ, ಎಂದರೆ ಎಲ್ಲರ ದುಡ್ಡಿನಲ್ಲಿ ನಡೆಯುವಂಥವು. ಅಂದಹಾಗೆ, ಕೊಡಗಿನ ಅತ್ಯಂತ ವೇಗದ ಮುನ್ಪಡೆ ಆಟಗಾರ ಎನಿಸಿಕೊಂಡ ಸುನಿಲ್ ಅವರ ಮನೆ ಆ ಕುಟುಂಬ ಹಬ್ಬದ ಪಟ್ಟಿಯಲ್ಲಿ ಬರುವ ಮನೆಯಲ್ಲ. ಇದು ಹಬ್ಬದ ತಪ್ಪಲ್ಲ, ಅದು ಕೊಡವ ಒಕ್ಕಗಳ ಹಬ್ಬ. ಅದನ್ನೇ ಇಡೀ ಜಿಲ್ಲೆಯ ತೊಟ್ಟಿಲು ಎಂದು ಬರೆಯುವವರ ತಪ್ಪು.

ಇನ್ನೊಂದು ಕಾರಣವನ್ನು ಹೇಳಲು ನಮ್ಮವರಿಗೆ ಅದೇಕೋ ಸಂಕೋಚ. ಅದು ನೌಕರಿ. ಸೇನೆ, ರೈಲ್ವೆ, ತೈಲ ಕಂಪೆನಿಗಳು, ಸರಕಾರದ ಕೈಯಲ್ಲಿದ್ದ ಕಾಲದ ಏರ್ ಇಂಡಿಯಾ ಹಾಕಿ ಆಟಗಾರರಿಗೆ ಕೆಲಸ ಕೊಡುತ್ತಿದ್ದವು. ಕ್ರಿಕೆಟಿಗನಂತೆ ಕೋಟಿ ಗಳಿಸಲಾಗದ ಆಟದಲ್ಲಿ ಮಧ್ಯಮ ವರ್ಗದ, ಬಡ ವರ್ಗದ ಹುಡುಗನೊಬ್ಬ ಹದಿನೈದು ವರ್ಷ ಬೆವರು ಸುರಿಸಲು ಒಪ್ಪುವುದರ ಹಿಂದೆ ಒಂದು ಖಾಯಂ ಸಂಬಳದ ಆಸೆ ಇದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ದೇಶಪ್ರೇಮವೂ ಇರಲಿ, ಹೊಟ್ಟೆಪಾಡೂ ಇರಲಿ. ಎರಡನ್ನೂ ಬರೆದರೆ ಓದುವ ಹುಡುಗನಿಗೆ ದಾರಿಯಾದರೂ ಕಾಣುತ್ತದೆ.

ಹೋಲಿಕೆಗೆಂದು ನಮ್ಮಲ್ಲಿ ಹೆಚ್ಚು ಪರಿಚಯವಿಲ್ಲದ ಒಂದು ಆಟವನ್ನು ಇಲ್ಲಿ ಪ್ರಸ್ತಾಪಿಸುತ್ತೇವೆ. ಅದರ ಹೆಸರು ಓರಿಯಂಟಿಯರಿಂಗ್. ಸೈನಿಕರ ನಕ್ಷೆ ಓದುವ ಅಭ್ಯಾಸದಿಂದ ಉತ್ತರ ಯೂರೋಪಿನಲ್ಲಿ ಹುಟ್ಟಿದ ಆಟ ಇದು. ನಾರ್ವೆಯಲ್ಲಿ 1897ರಲ್ಲೇ ಇದರ ಸಾರ್ವಜನಿಕ ಸ್ಪರ್ಧೆ ನಡೆದಿತ್ತು. ಮೊದಲ ಮಹಾಯುದ್ಧದ ಬೆನ್ನಿಗೆ ಸ್ವೀಡನ್ನಿನ ಮೇಜರ್ ಅರ್ನ್‌ಸ್ಟ್ ಕಿಲ್ಯಾಂಡರ್ ಇದಕ್ಕೆ ಇಂದಿನ ರೂಪ ಕೊಟ್ಟರು. ಸೇನೆಯ ನಂಟೇ ಕಾರಣವೆಂದಾದರೆ ಇದೂ ‘ವೀರಜನಾಂಗ’ದ ಆಟವಾಗಬೇಕಿತ್ತು. ಆದರೆ ಅದರ ಬಗ್ಗೆ ಬರೆಯುವವರು ಹಾಗೆ ಬರೆಯುವುದಿಲ್ಲ, ಏಕೆಂದು ನೋಡೋಣ.

ಓಟಗಾರನ ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ಅಪರಿಚಿತ ಕಾಡಿನಲ್ಲಿ ಅಲ್ಲಲ್ಲಿ ಇಟ್ಟಿರುವ ಗುರುತುಗಳನ್ನು ಹೇಳಿದ ಕ್ರಮದಲ್ಲೇ ಮುಟ್ಟಿ ಬರಬೇಕು. ದಾರಿ ಯಾವುದೆಂದು ಯಾರೂ ಹೇಳುವುದಿಲ್ಲ. ಗುಡ್ಡ ಹತ್ತಿ ನೇರ ಹೋಗುವುದೋ, ಸುತ್ತು ಹಾಕಿ ಸಮತಟ್ಟಿನಲ್ಲಿ ಓಡುವುದೋ ಅವನೇ ತೀರ್ಮಾನಿಸಬೇಕು, ಅದೂ ಓಡುತ್ತಲೇ. ಆ ನಕ್ಷೆಯ ಬಣ್ಣಗಳು ವಿಚಿತ್ರ. ಸಲೀಸಾಗಿ ಓಡಬಹುದಾದ ಕಾಡಿಗೆ ಅಲ್ಲಿ ಬಿಳಿ ಬಣ್ಣ, ಬಯಲಿಗೆ ಹಳದಿ, ಪೊದೆ ದಟ್ಟವಾದಷ್ಟೂ ಹಸಿರು ಗಾಢ. (ಕೊಡಗಿನ ಕಾಡುಗಳಿಗೆ ಇಂಥ ನಕ್ಷೆ ಬರೆದರೆ ಹಸಿರು ಮಸಿಯೇ ಸಾಲಲಿಕ್ಕಿಲ್ಲ. ಆನೆಗೆ ಯಾವ ಬಣ್ಣ ಹಾಕುವುದು ಎಂಬ ಸಮಸ್ಯೆ ಬೇರೆ.)

ಈ ಆಟದ ದೊಡ್ಡ ಹೆಸರುಗಳಲ್ಲಿ ಫ್ರಾನ್ಸಿನ ಥಿಯರಿ ಗ್ವೇರ್ಗ್ಯೂ ಒಬ್ಬರು, 14 ವಿಶ್ವ ಪ್ರಶಸ್ತಿ ಗೆದ್ದವರು. ಪೂರ್ತಿ ವೇಗದಲ್ಲಿ ಒಂದೂ ತಪ್ಪಿಲ್ಲದ ಓಟ, ಅದು ಅವರು ತಮಗಾಗಿ ಇಟ್ಟುಕೊಂಡ ಗುರಿ. ಯಾರನ್ನು ಸೋಲಿಸಬೇಕು ಎಂಬುದು ಅದರಲ್ಲಿಲ್ಲ ಎನ್ನುವುದನ್ನು ಗಮನಿಸಬೇಕು. 2008ರ ವಿಶ್ವ ಚಾಂಪಿಯನ್‌ಷಿಪ್ ರಿಲೇಯಲ್ಲಿ ಅವರು ಮುಂದಿದ್ದಾಗ ಜೇನುನೊಣವೊಂದು ಬಾಯಿಗೆ ಹೊಕ್ಕು ಕುಟುಕಿತು, ಓಟ ಅಲ್ಲಿಗೇ ನಿಂತಿತು. 2009ರಲ್ಲಿ ಹಂಗೇರಿಯಲ್ಲಿ, ಮತ್ತೆ ರಿಲೇಯ ಕೊನೆಯ ಸುತ್ತಿನಲ್ಲಿ, ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ತೊಡೆಗೆ ಕಟ್ಟಿಗೆಯ ತುಂಡು ಆಳವಾಗಿ ಚುಚ್ಚಿ ಬಿದ್ದರು. ಪದಕದ ಹಾದಿಯಲ್ಲಿದ್ದ ಗ್ವೇರ್ಗ್ಯೂ, ನಾರ್ವೆ ಹಾಗೂ ಝೆಕ್ ತಂಡಗಳ ಓಟಗಾರರು ಓಟ ಬಿಟ್ಟು ಗಾಯಾಳುವಿನ ನೆರವಿಗೆ ನಿಂತರು. ಆ ರಿಲೇ ಚಿನ್ನ ಅವರಿಗೆ ಸಿಕ್ಕಿದ್ದು 2011ರಲ್ಲಿ, ತಮ್ಮದೇ ದೇಶದ ಕಾಡಿನಲ್ಲಿ. ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ ಲೂಡರ್ 23 ವಿಶ್ವ ಚಿನ್ನಗಳನ್ನು ಗೆದ್ದವರು, 2008ರಲ್ಲಿ ಮಗಳು ಹುಟ್ಟಿದ ಮೇಲೂ, 2011ರಲ್ಲಿ ಅವಳಿ ಮಕ್ಕಳು ಹುಟ್ಟಿದ ಮೇಲೂ ಮರಳಿ ಬಂದು ಗೆದ್ದರು. ಪ್ರೇಕ್ಷಕರಿಲ್ಲದ ಕಾಡು, ಹಣವೂ ಹೆಚ್ಚಿಲ್ಲದ ಆಟ. ಆದರೂ ವರ್ಷಗಟ್ಟಲೆ ನಕ್ಷೆ ಹಿಡಿದು ಓಡುತ್ತಾರೆ, ಮುಂದಿನ ಸ್ಪರ್ಧೆ ನಡೆಯುವ ನೆಲದಂಥ ನೆಲವನ್ನೇ ಹುಡುಕಿ ಅಭ್ಯಾಸ ಮಾಡುತ್ತಾರೆ, ಮನೆಯಲ್ಲಿ ಕುಳಿತು ಹಳೆಯ ನಕ್ಷೆಗಳನ್ನು ಓದುತ್ತಾರೆ.

ನಮಗೆ ಮುಖ್ಯವಾಗಿ ಕಂಡದ್ದು ಓಟ ಮುಗಿದ ಮೇಲಿನ ಅವರ ರೂಢಿ. ಗೆದ್ದವನೂ ಸೋತವನೂ ತಾನು ಓಡಿದ ದಾರಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತಾನೆ. ಯಾವ ಗುರುತಿನಿಂದ ಯಾವ ಗುರುತಿಗೆ ಎಷ್ಟು ಸಮಯ ಹಿಡಿಯಿತು, ಎಲ್ಲಿ ದಾರಿ ತಪ್ಪಿ ಎಷ್ಟು ನಿಮಿಷ ಹೋಯಿತು ಎಂಬುದೆಲ್ಲ ಎದುರಿಗಿರುತ್ತದೆ. ಅದನ್ನು ಇಟ್ಟುಕೊಂಡೇ ಚರ್ಚೆ. ಎದುರಿಗೆ ಗೆರೆ ಇರುವಾಗ ರಕ್ತದ ಮಾತಿಗೆ ಎಡೆಯೇ ಇಲ್ಲ. ಕೊಡಗಿನ ಆಟಗಾರನ ಬಗ್ಗೆ ಬರೆಯುವಾಗ ಇಂಥದೊಂದು ಗೆರೆಯನ್ನು ನಾವು ಯಾರೂ ಎಳೆದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಕಷ್ಟ. 1967ರಲ್ಲಿ ಹುಟ್ಟಿದ ಅಶ್ವಿನಿ ನಾಚಪ್ಪ ಪಿ.ಟಿ. ಉಷಾ ಅವರನ್ನೇ ಓಟದಲ್ಲಿ ಹಿಂದಿಕ್ಕಿದವರು, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅಂದಿನ ಪತ್ರಿಕೆಗಳು ಅವರನ್ನು ‘ಭಾರತದ ಫ್ಲೋ ಜೋ’ ಎಂದು ಕರೆದವು, ಕಾಲಿನ ವೇಗಕ್ಕಿಂತ ಉಡುಪು ಮತ್ತು ರೂಪಕ್ಕೇ ಹೆಚ್ಚು ಅಕ್ಷರ ಖರ್ಚಾಯಿತು. 1991ರಲ್ಲಿ ‘ಅಶ್ವಿನಿ’ ಎಂಬ ತೆಲುಗು ಚಿತ್ರದಲ್ಲಿ ಅವರೇ ನಾಯಕಿಯಾದರು. ಓಟಗಾರ್ತಿಯೊಬ್ಬಳ ಶ್ರಮ ತೆರೆಗೆ ಬರಲು ಆಕೆಯ ಹೆಸರು ಹೊತ್ತ ಚಿತ್ರ ತೆಲುಗಿನಲ್ಲಿ ಆಗಬೇಕಾಯಿತು, ಕನ್ನಡದಲ್ಲಿ ಆಗಲಿಲ್ಲ. ಆಮೇಲೆ ಅವರು ಪತಿಯೊಂದಿಗೆ ಗೋಣಿಕೊಪ್ಪದ ಬಳಿ ಶಾಲೆ ಕಟ್ಟಿ ಮಕ್ಕಳಿಗೆ ಆಟ ಕಲಿಸತೊಡಗಿದರು, ಕ್ರೀಡಾ ಸಂಸ್ಥೆಗಳ ಆಡಳಿತ ಸ್ವಚ್ಛವಾಗಬೇಕೆಂದು ದನಿಯೆತ್ತಿದರು. ಫೋಟೋ ಚೆನ್ನಾಗಿ ಬರುವುದಿಲ್ಲವೆಂದೋ ಏನೋ, ಈ ಭಾಗದ ಬಗ್ಗೆ ಅಷ್ಟು ಬರಹಗಳಿಲ್ಲ.

ಕತೆಯ ಹೊರಗೇ ಉಳಿದವರನ್ನೂ ಒಮ್ಮೆ ನೋಡಬೇಕು. ಸುಂಟಿಕೊಪ್ಪದಲ್ಲಿ ಫುಟ್ಬಾಲ್ ಹುಚ್ಚು ಇದೆ. ಅಲ್ಲಿ ತೋಟದ ಕಾರ್ಮಿಕರ ಮಕ್ಕಳು, ಮಲಯಾಳ ತಮಿಳು ಮಾತಾಡುವವರ ಮಕ್ಕಳು, ಮುಸ್ಲಿಂ ಹುಡುಗರು ಒಟ್ಟಿಗೆ ಆಡುತ್ತಾರೆ. ‘ಕೊಡಗಿನ ಕ್ರೀಡೆ’ ಎಂಬ ವಿಶೇಷ ಪುಟಗಳಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ. ತೋಟದ ಲೈನ್‌ಮನೆಗಳಲ್ಲಿರುವ ಯರವರ, ಕುರುಬರ ಮಕ್ಕಳಿದ್ದಾರೆ. ಕಾಡಿನ ದಾರಿಯನ್ನು ನಕ್ಷೆಯಿಲ್ಲದೆ ಓದಬಲ್ಲವರ ಮಕ್ಕಳು ಅವರು. ಶಾಲೆಗೆ ಹೋಗಿ ಬರುವ ದಾರಿಯಲ್ಲೇ ಮೈಲುಗಟ್ಟಲೆ ಏರು ಇಳಿಜಾರು ಹತ್ತಿಳಿಯುವವರು. ಓಟಕ್ಕೆ ಹುಟ್ಟುಗುಣವೇ ಸಾಕಾಗಿದ್ದರೆ ಇವರಲ್ಲಿ ಎಷ್ಟು ಮಂದಿ ರಾಷ್ಟ್ರೀಯ ತಂಡದಲ್ಲಿರಬೇಕಿತ್ತು? ಇಲ್ಲದಿರುವುದು ಗುಣವಲ್ಲ. ಬೂಟು, ಹೊಟ್ಟೆ ತುಂಬ ಊಟ, ಗುರುತಿಸುವ ಒಬ್ಬ ಶಿಕ್ಷಕ, ಹಾಸ್ಟೆಲಿನಲ್ಲಿ ಒಂದು ಹಾಸಿಗೆ ಇಲ್ಲ. ನಮ್ಮ ಸಮುದಾಯದ ಹೆಣ್ಣುಮಕ್ಕಳ ಮಾತು ತೆಗೆದರೆ ಇದಕ್ಕೆ ಮನೆಯ ಅನುಮತಿಯನ್ನೂ ಸೇರಿಸಬೇಕಾಗುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮಳೆಯ ಬಗ್ಗೆಯೂ ಯಾರೂ ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಮೈದಾನವೆಂದರೆ ಕೆಸರುಗದ್ದೆ. ವರ್ಷದ ಮೂರನೇ ಒಂದು ಭಾಗ ಹೀಗೆ ಹೋಗುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಕೃತಕ ಹಾಸಿನ ಆಟವಾಗಿದೆ. ಅಲ್ಲಿ ಚೆಂಡು ಉರುಳುವ ವೇಗವೇ ಬೇರೆ, ಮೈ ಬಗ್ಗಿಸುವ ರೀತಿಯೇ ಬೇರೆ. ಮಣ್ಣಿನಲ್ಲಿ ಕಲಿತ ಭಾರತ ಆ ಸಲ ಏಳನೆಯ ಸ್ಥಾನಕ್ಕೆ ಇಳಿಯಿತು. ಪೊನ್ನಂಪೇಟೆಯಲ್ಲಿ, ಮಡಿಕೇರಿಯಲ್ಲಿ ಹಾಸು ಇದೆ ಎಂದು ವಾದಿಸಬಹುದು. ಆದರೆ ಜುಲೈ ತಿಂಗಳ ಸಂಜೆ ಐದೂವರೆಗೆ, ಮಳೆ ಹುಯ್ಯುತ್ತಿರುವಾಗ, ಹತ್ತು ಕಿಲೋಮೀಟರ್ ಆಚೆಯ ಪೈಸಾರಿಯ ಮನೆಯಿಂದ ಒಬ್ಬ ಹುಡುಗಿ ಸ್ಟಿಕ್ ಹಿಡಿದು ಅಲ್ಲಿಗೆ ಬಂದಿದ್ದಾಳೆ ಎಂದಿಟ್ಟುಕೊಳ್ಳೋಣ. ಅಭ್ಯಾಸ ಮುಗಿದ ಮೇಲೆ ಅವಳ ಊರಿಗೆ ಬಸ್ಸು ಎಷ್ಟು ಗಂಟೆಗೆ?